ಮೂಡುಬಿದಿರೆಯ ಸಾವಿರ ಕಂಬದ ಬಸದಿ: ಎಣಿಸಲು ಹೋಗಬೇಡಿ, ಬಗ್ಗಿ ನೋಡಿ

ಮಂಗಳೂರಿನಿಂದ ಕಾರ್ಕಳದ ದಾರಿಯಲ್ಲಿ ಸುಮಾರು 35 ಕಿ.ಮೀ. ಹೋದರೆ ಮೂಡುಬಿದಿರೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಖಾಸಗಿ ಬಸ್ಸುಗಳು ಸಾಲಾಗಿ ಬಿಡುತ್ತವೆ. ಪೇಟೆಯಲ್ಲಿ ಇಳಿದು ಜೈನ ಪೇಟೆಗೆ ನಡೆದೇ ಹೋಗಬಹುದು. ಊರಲ್ಲಿ ಬಸದಿಗಳು 18. ಬರೀ ‘ಬಸದಿ’ ಎಂದು ಕೇಳಿದರೆ ಯಾವುದು ಎಂಬ ಮರುಪ್ರಶ್ನೆ ಬರುತ್ತದೆ. ‘ಸಾವಿರ ಕಂಬದ್ದು’ ಎನ್ನಿ.

ಚಪ್ಪಲಿ ಹೊರಗೇ ಬಿಡಬೇಕು. ಚರ್ಮದ ಬೆಲ್ಟು, ಪರ್ಸು ಒಳಗೆ ಸಲ್ಲದು. ಅವನ್ನು ವಾಹನದಲ್ಲೋ ಕೋಣೆಯಲ್ಲೋ ಇಟ್ಟು ಬಂದರೆ ಬಾಗಿಲಲ್ಲಿ ಬಿಚ್ಚುವ ಕಸಿವಿಸಿ ಇಲ್ಲ. ಬೇಸಿಗೆಯ ಮಧ್ಯಾಹ್ನ ಅಂಗಳದ ಹಾಸುಗಲ್ಲು ಕಾದು ಕಾಲಿಡಲಾಗದು, ಮಳೆಗಾಲದಲ್ಲಿ ಅದೇ ಕಲ್ಲು ಪಾಚಿಗಟ್ಟಿ ಜಾರುತ್ತದೆ. ಬೆಳಿಗ್ಗೆ ಬೇಗ ಹೋಗುವುದೇ ಸರಿ.

ಅಂಗಳದಲ್ಲಿ ಮೊದಲು ಎದುರಾಗುವುದು ಸುಮಾರು 50 ಅಡಿಯ ಮಾನಸ್ತಂಭ, ಬಸದಿಗಳ ಮುಂದೆ ನಿಲ್ಲಿಸುವ ಒಂಟಿ ಕಲ್ಲುಕಂಬ. ಬಸದಿ ಕಟ್ಟಿದ್ದು 1430ರಲ್ಲಿ, ವಿಜಯನಗರದ ಕಾಲದಲ್ಲಿ. ಮುಂದಿನ ಮಂಟಪಗಳು ಆಮೇಲಿನ ದಶಕಗಳಲ್ಲಿ ಸೇರಿದವು. ಎದುರು ನಿಂತರೆ ಮೂರು ಅಂತಸ್ತಿನ ಇಳಿಜಾರು ಮಾಡು ನೇಪಾಳದ್ದೋ ಎನಿಸುತ್ತದೆ. ತುಳುನಾಡಿನ ಮಳೆಯೇ ಅದಕ್ಕೆ ಸಾಕಷ್ಟು ಕಾರಣ: ಕೆಳಗೆ ಕಲ್ಲಿನ ಚಪ್ಪಡಿಯ ಸೂರು ಗೋಡೆಯಿಂದ ಆಚೆಗೆ ಚಾಚಿ ನೀರನ್ನು ದೂರ ಬೀಳಿಸುತ್ತದೆ, ಮೇಲಂತಸ್ತುಗಳಲ್ಲಿ ಮರದ ಕೆಲಸ.

ಕಂಬ ಎಣಿಸುವುದು ಸುಮ್ಮನೆ ಕಾಲಹರಣ. ದೊಡ್ಡದು, ಚಿಕ್ಕದು, ಗೋಡೆಗೆ ಅಂಟಿದ್ದು ಎಲ್ಲ ಸೇರಿಸಿ ಹೇಳುವ ಲೆಕ್ಕ ಅದು. ಒಂದರಂತೆ ಇನ್ನೊಂದಿಲ್ಲ ಎನ್ನುವುದನ್ನು ಪರೀಕ್ಷಿಸಬೇಕಾದರೆ ಮುಂದಿನ ಮಂಟಪಗಳಲ್ಲಿ ಒಂದಾದ ಭೈರಾದೇವಿ ಮಂಟಪದಲ್ಲಿ ಪಕ್ಕಪಕ್ಕದ ಎರಡು ಕಂಬ ಹಿಡಿದು ಬುಡದಿಂದ ತಲೆಯ ಬೋದಿಗೆಯವರೆಗೆ ಹೋಲಿಸಿ: ಒಂದರ ಬುಡದಲ್ಲಿ ಚೌಕ, ಮೇಲೆ ಎಂಟು ಮೂಲೆ, ನಡುವೆ ಬಳ್ಳಿ, ಇನ್ನೊಂದರಲ್ಲಿ ಅದೇ ಜಾಗದಲ್ಲಿ ಗಂಟುಹಾಕಿದ ಹಗ್ಗದ ಹೆಣಿಗೆ. ಎದುರಿನಿಂದ ಬೆಳಕು ಬಿದ್ದರೆ ಈ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ, ಓರೆಬಿಸಿಲಲ್ಲಿ ಎದ್ದು ಬರುತ್ತದೆ.

ಹೆಚ್ಚಿನವರು ಬಿಟ್ಟು ಹೋಗುವುದು ಇದೇ ಮಂಟಪದ ಜಗಲಿಯ ಬದಿಯಲ್ಲಿರುವ ಕೆತ್ತನೆಯ ಪಟ್ಟಿಯನ್ನು. ಎಲ್ಲರ ಕಣ್ಣೂ ಮೇಲಿರುತ್ತದೆ. ಇದಕ್ಕೆ ಮೊಣಕಾಲೂರಿ ಕೂರಬೇಕು. ಆನೆ, ಕುದುರೆ, ಕುಣಿಯುವವರ ಸಾಲಿನ ಜೊತೆಗೆ ಉದ್ದ ಕೊರಳಿನ ಜಿರಾಫೆಯೂ ಚೀನೀ ಡ್ರ್ಯಾಗನ್ನೂ ಇವೆ. ಕರಾವಳಿಯ ಬಂದರುಗಳ ಕಡಲ ವ್ಯಾಪಾರದಿಂದ ಇವು ಬಂದಿರಬೇಕೆಂದು ವಿವರಿಸುವುದುಂಟು. ಆ ವಿವರಣೆ ಒಪ್ಪುವಂತಿದೆ.

ಒಳಗೆ ಮಂಟಪ ದಾಟಿದಂತೆ ಕತ್ತಲು ಹೆಚ್ಚುತ್ತದೆ. ಕಣ್ಣು ಹೊಂದಿಕೊಳ್ಳಲು ಒಂದೆರಡು ನಿಮಿಷ ನಿಲ್ಲಿ. ಹೊಸ್ತಿಲುಗಳು ಎತ್ತರ, ಎಡವುವುದು ಇಲ್ಲೇ. ಗರ್ಭಗೃಹದಲ್ಲಿ ಎಂಟನೆಯ ತೀರ್ಥಂಕರ ಚಂದ್ರನಾಥ ಸ್ವಾಮಿಯ ಪಂಚಲೋಹದ ನಿಂತ ವಿಗ್ರಹ, ಸುಮಾರು ಎಂಟು ಅಡಿ. ಇಲ್ಲಿ ನಿತ್ಯಪೂಜೆ ನಡೆಯುತ್ತದೆ. ಇಂದ್ರರು, ಅಂದರೆ ಬಸದಿಯ ಪುರೋಹಿತರು, ಅಭಿಷೇಕದಲ್ಲಿದ್ದಾಗ ಬಾಗಿಲಿಗೆ ಅಡ್ಡ ನಿಂತು ಇಣುಕಬೇಡಿ. ಪಕ್ಕಕ್ಕೆ ಸರಿದರೆ ಮಂಗಳಾರತಿಯ ಬೆಳಕಲ್ಲಿ ವಿಗ್ರಹ ಚೆನ್ನಾಗಿಯೇ ಕಾಣುತ್ತದೆ. ಫೋಟೊ ತೆಗೆಯುವ ಮುನ್ನ ಕೇಳಿ. ಮೇಲಂತಸ್ತುಗಳಿಗೆ ಸಾಮಾನ್ಯವಾಗಿ ಪ್ರವೇಶವಿರುವುದಿಲ್ಲ.

ಒಂದೂವರೆ ಗಂಟೆ ಇದಕ್ಕೆ ಬೇಕು. ಉಳಿದ ಹೊತ್ತಿಗೆ ಹತ್ತಿರದ ಗುರು ಬಸದಿ ನೋಡಿ, ಜೈನ ಆಗಮದ ಹಳೆಯ ವ್ಯಾಖ್ಯಾನಗಳಾದ ಧವಲಾ ಗ್ರಂಥಗಳ ತಾಳೆಗರಿಗಳಿಂದ ಹೆಸರಾದದ್ದು. ಕಾಲಿಗೆ ಶಕ್ತಿಯಿದ್ದರೆ ಕೊಡಂಗಲ್ಲಿನ ಜೈನ ಸಮಾಧಿಗಳವರೆಗೂ ಹೋಗಿ. ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತ ಏರುವ ಮುರಕಲ್ಲಿನ (ಕರಾವಳಿಯ ಕೆಂಪು ಜಂಬಿಟ್ಟಿಗೆಯ) ಕಟ್ಟಡಗಳವು. ನೆರಳು ಕಡಿಮೆ, ನೀರು ಒಯ್ಯಿರಿ.