ಅಪ್ಪನ ಕಾರ್ ಕೀ ಕೇಳೋಕೆ ಮುಂಚೆ

ಮೊದಲು ಕಣ್ಣಿಗೆ ಬಿದ್ದಿದ್ದು ಎಡಗಡೆ ಹಿಂದಿನ ಬಾಗಿಲ ಮೇಲಿನ ಒಂದು ಉದ್ದ ಗೀರು. ಪಾರ್ಕಿಂಗಲ್ಲಿ ಯಾರೋ ಉಜ್ಜಿಕೊಂಡು ಹೋಗಿದಾರೆ ಅಂದ್ರು ಅಪ್ಪ, ನಾನೂ ನಂಬಿದೆ. ಎರಡು ತಿಂಗಳು ಬಿಟ್ಟು ನೋಡಿದ್ರೆ ಬಂಪರ್ ಮೂಲೆ ಒಳಗೆ ಹೋಗಿತ್ತು, ಆಮೇಲೆ ಸೈಡ್ ಮಿರರ್ ಒಡೆದಿತ್ತು, ಎಲ್ಲಾ ಎಡಗಡೆನೇ. ಬೇರೆಯವರು ಬಂದು ಬಂದು ಒಂದೇ ಕಡೆ ಉಜ್ಜಲ್ಲ ಅಲ್ವಾ. ಅಪ್ಪಂಗೆ ಈಗ 78. ನಂಗೆ ಗಾಡಿ ಕಲಿಸಿದ್ದು ಅವರೇ, ಕ್ಲಚ್ ಮೇಲೆ ಕಾಲು ಹೆಂಗೆ ಇಡಬೇಕು ಅನ್ನೋದರಿಂದ ಹಿಡಿದು.

ಒಂದು ರಾತ್ರಿ ಊಟಕ್ಕೆ ಕೂತಾಗ ಎಲ್ಲರ ಮುಂದೆನೇ ಹೇಳ್ಬಿಟ್ಟೆ, "ಅಪ್ಪ ಇನ್ನು ಸಾಕು, ಕೀ ಕೊಟ್ಬಿಡಿ" ಅಂತ. ತಟ್ಟೆ ಹಂಗೇ ಬಿಟ್ಟು ಎದ್ದು ಹೋದ್ರು, ನಾಲ್ಕು ದಿನ ಮಾತಿಲ್ಲ. ಐದನೇ ದಿನ ಅಮ್ಮ ಕೇಳಿದ್ಲು, ನೀನು ಅವರ ಪಕ್ಕದ ಸೀಟಲ್ಲಿ ಕೂತು ಎಷ್ಟು ವರ್ಷ ಆಯ್ತು? ನನ್ನ ಹತ್ರ ಉತ್ತರ ಇರಲಿಲ್ಲ. ಒಟ್ಟಿಗೆ ಹೋಗೋವಾಗೆಲ್ಲ ನಾನೇ ಓಡಿಸೋದು, ಅವರು ಒಬ್ರೇ ಇದ್ದಾಗ ಹೆಂಗೆ ಓಡಿಸ್ತಾರೆ ಅಂತ ನೋಡೇ ಇರಲಿಲ್ಲ, ನೋಡದೇ ತೀರ್ಪು ಕೊಟ್ಟಿದ್ದೆ.

ಆಮೇಲೆ ಎರಡು ವಾರ ಏನಾದ್ರೂ ನೆಪ ಹೇಳಿ ಜೊತೆಗೆ ಹೋದೆ, ಬೆಳಿಗ್ಗೆ, ಮಧ್ಯಾಹ್ನ, ಕತ್ತಲಾದ ಮೇಲೆ. ಹಗಲಲ್ಲಿ ಅವರ ಡ್ರೈವಿಂಗ್ ನನಗಿಂತ ಚೆನ್ನಾಗಿದೆ, ಮುಂದಿನ ಗಾಡಿಗೆ ಸರಿಯಾಗಿ ಜಾಗ ಬಿಡ್ತಾರೆ, ಅವಸರ ಇಲ್ಲ, ಫೋನ್ ಮುಟ್ಟಲ್ಲ. ವಯಸ್ಸಾದವರು ಸಾಮಾನ್ಯವಾಗಿ ಹಿಂಗೇನೇ, ಕುಡಿದು ಓಡಿಸೋದು, ಸ್ಪೀಡ್ ಹೊಡೆಯೋದು ಅವರಲ್ಲಿ ಕಡಿಮೆ. ತೊಂದರೆ ಕಂಡಿದ್ದು ಮೂರು ಕಡೆ. ಕತ್ತಲಲ್ಲಿ ಎದುರಿನ ಹೆಡ್‌ಲೈಟ್ ಕಣ್ಣಿಗೆ ಬಿದ್ದ ಮೇಲೆ ಸ್ವಲ್ಪ ಹೊತ್ತು ಏನೂ ಕಾಣದವರ ತರ ಸ್ಟೀರಿಂಗ್ ಗಟ್ಟಿಯಾಗಿ ಹಿಡ್ಕೊಳ್ತಿದ್ರು. ಹಿಂದೆ ತಿರುಗಿ ನೋಡಬೇಕಾದ ಕಡೆ ಕತ್ತು ಅರ್ಧಕ್ಕೇ ನಿಲ್ತಿತ್ತು, ಎಡಗಡೆಯ ಗೀರುಗಳ ಕಾರಣ ಅದೇ. ಮೂರನೇದು ಸಿಗ್ನಲ್ ಇಲ್ಲದ ಜಂಕ್ಷನ್‌ನಲ್ಲಿ, ಎದುರಿಂದ ಬರೋ ಗಾಡಿಗಳನ್ನ ದಾಟಿ ಆ ಕಡೆ ತಿರುಗೋವಾಗ. ಬರ್ತಿರೋ ಗಾಡಿ ಎಷ್ಟು ದೂರ ಇದೆ, ಎಷ್ಟು ಜೋರಾಗಿ ಬರ್ತಿದೆ, ದಾಟ್ತಿರೋ ಜನ ಎಲ್ಲಿದಾರೆ, ಇಷ್ಟನ್ನೂ ಒಂದೇ ಸಲ ಲೆಕ್ಕ ಹಾಕಬೇಕು ಅಲ್ಲಿ. ವಯಸ್ಸಾದವರ ಅಪಘಾತಗಳು ಜಾಸ್ತಿ ಆಗೋದು ಇಂಥ ಜಾಗದಲ್ಲೇ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡ್ ತಡ ಆದ್ರೆ ಗಾಡಿ ಹತ್ತಿರ ಹತ್ತಿರ 17 ಮೀಟರ್ ಮುಂದೆ ಹೋಗಿರತ್ತೆ.

ಇದನ್ನೆಲ್ಲ ಅವರಿಗೆ ಹೇಳಿದಾಗ ಈ ಸಲ ಎದ್ದು ಹೋಗಲಿಲ್ಲ. ಜಗಳ ಆಡೋಕೆ ನನ್ನ ಹತ್ರ "ನಿಮಗೆ ವಯಸ್ಸಾಯ್ತು" ಅನ್ನೋ ಮಾತು ಇರಲಿಲ್ಲ, ಯಾವ ಜಾಗದಲ್ಲಿ ಏನಾಯ್ತು ಅನ್ನೋದು ಮಾತ್ರ ಇತ್ತು. ಕಣ್ಣಿನ ಡಾಕ್ಟರ್ ಹತ್ರ ಹೋದ್ವಿ. ಎರಡೂ ಕಣ್ಣಲ್ಲಿ ಪೊರೆ. ಜೊತೆಗೆ ಅಲರ್ಜಿಗೆ ಅಂತ ರಾತ್ರಿ ತಗೊಳ್ತಿದ್ದ ಮಾತ್ರೆ ಮಂಪರು ಬರಿಸೋ ಹಳೇ ತರದ್ದು, ಅದರ ಮಂಪರು ಬೆಳಿಗ್ಗೆವರೆಗೂ ಇರಬಹುದು ಅಂದ್ರು. ನಿಮ್ಮ ಮನೇಲೂ ಹಿರಿಯರ ಮಾತ್ರೆ ಡಬ್ಬಿ ಒಂದು ಸಲ ಡಾಕ್ಟರಿಗೆ ತೋರಿಸಿ ದಯವಿಟ್ಟು, ನಿದ್ದೆ ಮಾತ್ರೆ, ಕೆಲವು ನೋವಿನ ಮಾತ್ರೆ ಕೂಡ ಹಿಂಗೇ ಮಾಡತ್ತೆ. ಪೊರೆ ಆಪರೇಷನ್ ಆದ್ಮೇಲೆ ಅಪ್ಪನ ಹಗಲಿನ ಡ್ರೈವಿಂಗ್ ನೋಡಿದ್ರೆ ವಯಸ್ಸು ಹತ್ತು ವರ್ಷ ಹಿಂದಕ್ಕೆ ಹೋದಂಗಿದೆ. ಆಪರೇಷನ್ ಮಾಡಿಸ್ಕೊಂಡವರಲ್ಲಿ ಅಪಘಾತ ಕಡಿಮೆ ಆಗಿದ್ದು ಅಧ್ಯಯನಗಳಲ್ಲೂ ಕಂಡಿದೆ. ಅವತ್ತು ರಾತ್ರಿ ನಾನು ಕೀ ಕಿತ್ಕೊಂಡಿದ್ರೆ ಸರಿ ಮಾಡಬಹುದಾದ ಒಂದು ಕಾಯಿಲೆಗೆ ಅವರ ಓಡಾಟನೇ ನಿಲ್ಲಿಸಿದಂಗೆ ಆಗ್ತಿತ್ತು.

ಆದ್ರೆ ಎಲ್ಲಾ ಕಾಯಿಲೆನೂ ಪೊರೆ ತರ ಅಲ್ಲ. ಗ್ಲಾಕೋಮಾ ಅನ್ನೋ ಕಣ್ಣಿನ ಕಾಯಿಲೆ ಇದ್ರೆ ಪಕ್ಕದ ನೋಟ ನಿಧಾನಕ್ಕೆ ಹೋಗತ್ತೆ, ಹೋಗಿದ್ದು ಅವರಿಗೇ ತಿಳಿಯಲ್ಲ, ಯಾಕಂದ್ರೆ ಕಾಣದ ಜಾಗನ ಮೆದುಳೇ ತುಂಬಿಸ್ಕೊಳ್ಳತ್ತೆ, ಹೋದ ನೋಟ ವಾಪಸ್ ಬರೋದೂ ಇಲ್ಲ. ಮರೆವಿನ ಕಾಯಿಲೆ ಇನ್ನೂ ಕಷ್ಟ. ದಿನಾ ಹೋಗೋ ದಾರಿಯಲ್ಲೇ ದಾರಿ ತಪ್ಪಿದ್ರೆ, ಬ್ರೇಕ್ ಯಾವುದು ಆಕ್ಸಿಲರೇಟರ್ ಯಾವುದು ಅಂತ ಒಂದು ಸಲನಾದ್ರೂ ಗೊಂದಲ ಆದ್ರೆ, ಅಲ್ಲಿ ಅವರ ಒಪ್ಪಿಗೆಗೆ ಕಾಯಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. 2019ರಲ್ಲಿ ಟೋಕಿಯೋದ ಇಕೆಬುಕುರೋದಲ್ಲಿ 87 ವರ್ಷದವರೊಬ್ಬರ ಕಾರು ನುಗ್ಗಿ ಒಬ್ಬ ತಾಯಿ, ಅವಳ ಮೂರು ವರ್ಷದ ಮಗಳು ತೀರಿಕೊಂಡ್ರು, ಬ್ರೇಕ್ ಅಂದ್ಕೊಂಡು ಆಕ್ಸಿಲರೇಟರ್ ಒತ್ತಿದ್ದೇ ಕಾರಣ ಅಂತ ಕೋರ್ಟ್ ಹೇಳ್ತು. ಆ ಮಗುನ ನೆನೆಸ್ಕೊಂಡ್ರೆ ಅಪ್ಪನ ಸಿಟ್ಟು, ನನ್ನ ಸಂಕೋಚ ಎರಡೂ ಸಣ್ಣದು ಅನ್ಸತ್ತೆ.

ಹಂಗಂತ 75 ಆದ್ಮೇಲೆ ಯಾರೂ ಓಡಿಸಬಾರದು ಅಂತ ಗೆರೆ ಎಳೆಯೋದಕ್ಕೆ ನನ್ನ ಒಪ್ಪಿಗೆ ಇಲ್ಲ, 65ಕ್ಕೇ ನಿಲ್ಲಿಸಬೇಕಾದವರಿದ್ದಾರೆ, 80 ದಾಟಿ ಚೆನ್ನಾಗಿ ಓಡಿಸೋರೂ ಇದ್ದಾರೆ. ಬ್ರಿಟನ್ನಿನಲ್ಲಿ 70ರ ಮೇಲೆ ಮೂರು ವರ್ಷಕ್ಕೊಮ್ಮೆ ಲೈಸೆನ್ಸ್ ರಿನ್ಯೂ ಮಾಡಿಸಬೇಕು, ಆದ್ರೆ ನಾನು ಸರಿ ಇದೀನಿ ಅಂತ ತಾವೇ ಬರ್ಕೊಟ್ರೆ ಸಾಮಾನ್ಯವಾಗಿ ನಡೆಯತ್ತೆ. ಅಲ್ಲಿನ ರಾಣಿ ಎಲಿಜಬೆತ್ ಗಂಡ ಪ್ರಿನ್ಸ್ ಫಿಲಿಪ್ 97ನೇ ವಯಸ್ಸಲ್ಲಿ ಮುಖ್ಯ ರಸ್ತೆಗೆ ಗಾಡಿ ತರೋವಾಗ ಇನ್ನೊಂದು ಕಾರಿಗೆ ಗುದ್ದಿಸಿದ್ರು, ಆ ಕಾರಲ್ಲಿ ಒಂಬತ್ತು ತಿಂಗಳ ಕೂಸು ಇತ್ತು, ಪುಣ್ಯಕ್ಕೆ ಆ ಕೂಸಿಗೆ ಏನೂ ಆಗಲಿಲ್ಲ. ಮುಂದಿನ ತಿಂಗಳು ತಾವೇ ಲೈಸೆನ್ಸ್ ಬಿಟ್ಟುಕೊಟ್ರು. ಜಪಾನಲ್ಲಿ 75 ದಾಟಿದವರಿಗೆ ರಿನ್ಯೂವಲ್ ಟೈಮಲ್ಲಿ ನೆನಪಿನ ಪರೀಕ್ಷೆ ಇದೆ. ಅಲ್ಲಿ ತಾವಾಗೇ ಲೈಸೆನ್ಸ್ ವಾಪಸ್ ಕೊಟ್ಟವರು ಇಷ್ಟು ವರ್ಷ ಗಾಡಿ ಓಡಿಸಿದ್ರು ಅನ್ನೋ ಒಂದು ಪತ್ರ ತಗೋಬಹುದು, ಐಡಿ ಕಾರ್ಡ್ ತರ ನಡೆಯತ್ತೆ, ತುಂಬಾ ಕಡೆ ಬಸ್ಸು ಟ್ಯಾಕ್ಸಿಗೆ ರಿಯಾಯಿತಿನೂ ಸಿಗತ್ತೆ. ಇದು ನಂಗೆ ತುಂಬಾ ಇಷ್ಟ ಆಯ್ತು, ಯಾಕಂದ್ರೆ ಅಲ್ಲಿ ಬರೀ ಕಿತ್ಕೊಳ್ಳೋದಿಲ್ಲ, ಏನೋ ಕೊಡ್ತಾರೆ.

ನಾನು ಕೀ ಕೇಳಿದಾಗ ಬದಲಿಗೆ ಏನು ಕೊಡ್ತೀನಿ ಅಂತ ಯೋಚನೆನೇ ಮಾಡಿರಲಿಲ್ಲ. ಒಂದು ವಾರ ಅವರು ಎಲ್ಲೆಲ್ಲಿ ಹೋಗ್ತಾರೆ ಅಂತ ಬರೆದು ನೋಡಿದ್ವಿ, ಹನ್ನೊಂದು ಸಲ ಗಾಡಿ ತೆಗೆದಿದ್ರು. ಅಮ್ಮನ ಫಿಸಿಯೋಥೆರಪಿಗೆ ಮೂರು ಸಲ, ಲೈಬ್ರರಿಗೆ, ಹಾಸಿಗೆ ಹಿಡಿದಿರೋ ಸ್ನೇಹಿತರನ್ನ ನೋಡೋಕೆ ಎರಡು ಸಲ, ಹಿಂಗೆ. ಆ ಸ್ನೇಹಿತರ ಮನೆಗೆ ಬಸ್ ಇಲ್ಲ. ಗಾಡಿ ನಿಲ್ಲಿಸಿದ ಹಿರಿಯರಲ್ಲಿ ಖಿನ್ನತೆ ಜಾಸ್ತಿ ಅಂತ ಓದಿದ್ದೆ, ಆ ಪಟ್ಟಿ ನೋಡಿದಾಗ ಯಾಕೆ ಅಂತ ಅರ್ಥ ಆಯ್ತು.

ಈಗ ನಾವು ಒಪ್ಕೊಂಡಿರೋದು ಇಷ್ಟು. ಕತ್ತಲಾದ ಮೇಲೆ, ಜೋರು ಮಳೇಲಿ ಗಾಡಿ ತೆಗೆಯಲ್ಲ. ಆ ಸಿಗ್ನಲ್ ಇಲ್ಲದ ಜಂಕ್ಷನ್ ಬಿಟ್ಟು ಸುತ್ತಿ ಬರೋ ದಾರಿ. ಆರು ತಿಂಗಳಿಗೊಮ್ಮೆ ಕಣ್ಣು ತೋರಿಸಬೇಕು, ನಾನು ಪಕ್ಕದಲ್ಲಿ ಕೂರಬೇಕು. ಇನ್ನೊಂದು ಗೀರು ಬಿದ್ರೆ ಮುಚ್ಚಿಡಲ್ಲ ಅಂತ ಅವರೇ ಹೇಳಿದ್ರು, ಡಾಕ್ಟರ್ ಬೇಡ ಅಂದ ದಿನ ಕೀ ಕೊಡ್ತೀನಿ ಅಂತಲೂ. ನನ್ನ ಕಡೆಯಿಂದ ಗುರುವಾರ ಸಂಜೆ ಮತ್ತು ಭಾನುವಾರ ಪೂರ್ತಿ ಅವರದ್ದು, ಎಲ್ಲಿಗೆ, ಯಾಕೆ ಅಂತ ಕೇಳೋ ಹಾಗಿಲ್ಲ. ನಿನ್ನೆ ಶನಿವಾರ ರಾತ್ರಿ ಫೋನ್ ಮಾಡಿದ್ರು, "ನಾಳೆ ಒಂಬತ್ತಕ್ಕೆ ಬಾ, ಅವನ ಮನೆಗೆ ಹೋಗಣ, ನೀನೇ ಓಡಿಸು" ಅಂತ.