ಸೊನ್ನೆ ಮೈಲಿಯ ಕಡೆಗೆ

ಕಡಲಿನಿಂದ ಬಂದರಿಗೆ ಮರಳುವ ದೋಣಿ ಕೆಂಪು ಗುರುತುಗಳನ್ನು ಬಲಕ್ಕಿಟ್ಟುಕೊಂಡು ಬರಬೇಕು ಎಂಬುದು ಅಮೆರಿಕದಲ್ಲಿ ದೋಣಿ ನಡೆಸಲು ಕಲಿಯುವವರಿಗೆ ಹೇಳಿಕೊಡುವ ಮೊದಲ ಪಾಠಗಳಲ್ಲಿ ಒಂದು. ಅಟ್ಲಾಂಟಿಕ್ ಕರಾವಳಿಯ ಒಳನಾಡಿನ ಜಲಮಾರ್ಗದಲ್ಲಿ ಮಾತ್ರ ಉತ್ತರದಿಂದ ದಕ್ಷಿಣಕ್ಕೆ ಹೋಗುವುದನ್ನೇ ‘ಮರಳುವುದು’ ಎಂದು ಎಣಿಸಿ ಗುರುತುಗಳನ್ನು ನೆಟ್ಟಿದ್ದಾರೆ. ಆದ್ದರಿಂದ 2018ರ ಏಪ್ರಿಲ್‌ನಲ್ಲಿ ಫ್ಲೋರಿಡಾದ ಸೇಂಟ್ ಆಗಸ್ಟೀನ್‌ನಿಂದ ವರ್ಜೀನಿಯಾದ ನಮ್ಮ ಮನೆಗೆ ಹೊರಟ ನಾವಿಬ್ಬರು, ನಿಜವಾಗಿಯೂ ಮರಳುತ್ತಿದ್ದವರಾದರೂ, ದಾರಿಯುದ್ದಕ್ಕೂ ಕೆಂಪನ್ನು ಎಡಕ್ಕೂ ಹಸಿರನ್ನು ಬಲಕ್ಕೂ ಬಿಟ್ಟುಕೊಂಡು ಸಾಗಬೇಕಾಯಿತು.

ಈ ದಾರಿಯ ಮೈಲಿಗಳನ್ನು ನಾರ್ಫೋಕ್‌ನಿಂದ ಎಣಿಸುತ್ತಾರೆ. ಅಲ್ಲಿ ಸೊನ್ನೆ, ಸೇಂಟ್ ಆಗಸ್ಟೀನ್‌ನಲ್ಲಿ 778. ಚಳಿಗಾಲ ಕಳೆಯಲೆಂದು ಹಿಂದಿನ ನವೆಂಬರಿನಲ್ಲಿ ಇಳಿದುಬಂದಿದ್ದ ನಾವು, ಜೂನ್ 1ಕ್ಕೆ ಚಂಡಮಾರುತಗಳ ಕಾಲ ಶುರುವಾಗುವ ಮೊದಲೇ ಮನೆ ಸೇರಬೇಕಿತ್ತು. ನಮ್ಮದು 34 ಅಡಿ ಉದ್ದದ ಹಳೆಯ ಹಾಯಿದೋಣಿ. ನೀರಿನೊಳಗೆ ಐದು ಅಡಿ ಇಳಿದಿರುತ್ತದೆ, ಕೂವೆಮರ ನೀರಿನ ಮೇಲೆ ಐವತ್ತು ಅಡಿ ನಿಲ್ಲುತ್ತದೆ. ಈ ಮಾರ್ಗದ ಸ್ಥಿರ ಸೇತುವೆಗಳು ಬಹುಮಟ್ಟಿಗೆ 65 ಅಡಿ ಎತ್ತರದವಾದ್ದರಿಂದ ಮೇಲಿನ ಚಿಂತೆ ನಮಗಿರಲಿಲ್ಲ. ಇದ್ದ ಚಿಂತೆಯೆಲ್ಲ ಕೆಳಗಿನದು. ಕಾಲುವೆ, ಹೊಳೆ, ಹಿನ್ನೀರುಗಳ ಈ ದಾರಿಯಲ್ಲಿ ಹಾಯಿ ಬಿಚ್ಚಲು ಸಿಗುವ ಜಾಗ ಕಡಿಮೆ. ದಿನದ ಹೆಚ್ಚು ಹೊತ್ತು ಡೀಸೆಲ್ ಎಂಜಿನ್ನಿನ ಸದ್ದಿನಲ್ಲಿ, ಗಂಟೆಗೆ ಆರು ಮೈಲಿಯಂತೆ, ಒಬ್ಬರು ಚುಕ್ಕಾಣಿ ಹಿಡಿದು ಇನ್ನೊಬ್ಬರು ನಕ್ಷೆ ನೋಡುತ್ತ ಸಾಗುವುದು ನಮ್ಮ ಕ್ರಮವಾಗಿತ್ತು.

ಇವರು, ನನ್ನ ಯಜಮಾನರು, ತುಮಕೂರು ಸೀಮೆಯವರು. ಮೂವತ್ತು ವರ್ಷ ಎಂಜಿನಿಯರಾಗಿ ದುಡಿದು, ಐವತ್ತು ದಾಟಿದ ಮೇಲೆ ದೋಣಿ ನಡೆಸುವುದನ್ನು ಪುಸ್ತಕ ಹಿಡಿದು ಶ್ರದ್ಧೆಯಿಂದ ಕಲಿತವರು. ನಾನು ಹುಟ್ಟಿದ್ದು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿಯ ಅಳಿವೆಗೆ ಹತ್ತಿರದ ಒಂದು ಗಜನಿ ಊರಿನಲ್ಲಿ. ಗಜನಿಯೆಂದರೆ ಉಪ್ಪುನೀರಿನ ಅಂಚಿನಲ್ಲಿ ಕಟ್ಟು ಹಾಕಿ ಭತ್ತ ಬೆಳೆಯುವ ತಗ್ಗಿನ ಗದ್ದೆ. ಭರತ ಮತ್ತು ಇಳಿತಗಳ ಹೊತ್ತನ್ನು ನಮ್ಮ ಮನೆಯಲ್ಲಿ ಯಾರೂ ಕಾಗದದಲ್ಲಿ ನೋಡಿದವರಲ್ಲ. ಆದರೆ ನಾನೇ ಆ ತಿಳಿವಳಿಕೆಯನ್ನು ಬಾಲ್ಯದ ಸಂಗತಿಯೆಂದು ಬದಿಗಿಟ್ಟು, ದೋಣಿಯ ಮೇಲೆ ಇವರ ಪುಸ್ತಕದ ಲೆಕ್ಕವನ್ನೇ ನಂಬಿಕೊಂಡಿದ್ದೆ.

ಫ್ಲೋರಿಡಾ ದಾಟಿ ಜಾರ್ಜಿಯಾ ಹೊಕ್ಕ ಮೇಲೆ ನೀರಿನ ಸ್ವಭಾವವೇ ಬೇರೆಯಾಗುತ್ತದೆ. ಅಲ್ಲಿಯ ಕರಾವಳಿ ಒಳಕ್ಕೆ ಬಾಗಿರುವುದರಿಂದ ಭರತದ ನೀರು ಆ ಮಡಿಲಿಗೆ ಬಂದು ಒತ್ತಿಕೊಳ್ಳುತ್ತದೆ, ಭರತಕ್ಕೂ ಇಳಿತಕ್ಕೂ ಏಳು ಅಡಿ ಅಥವಾ ಅದಕ್ಕೂ ಹೆಚ್ಚಿನ ಅಂತರವಿರುತ್ತದೆ. ಬೆಳಿಗ್ಗೆ ಹುಲ್ಲಿನ ತುದಿ ಮುಟ್ಟುತ್ತಿದ್ದ ಹೊಳೆ ಮಧ್ಯಾಹ್ನಕ್ಕೆ ಎರಡು ಕೆಸರು ಗೋಡೆಗಳ ನಡುವಿನ ಕಾಲುವೆಯಾಗಿಬಿಡುತ್ತದೆ. ಕಣ್ಣು ಹಾಯುವವರೆಗೆ ಉಪ್ಪುನೀರಿನ ಹುಲ್ಲುಗಾವಲು. ಮನೆಯಿಲ್ಲ, ಮರವೂ ಅಪರೂಪ. ಜಲಮಾರ್ಗವನ್ನು ನೋಡಿಕೊಳ್ಳುವ ಹೊಣೆ ಸೇನೆಯ ಎಂಜಿನಿಯರುಗಳ ದಳದ್ದು. ನಾರ್ಫೋಕ್‌ನಿಂದ ಫ್ಲೋರಿಡಾದ ಫೋರ್ಟ್ ಪಿಯರ್ಸ್‌ವರೆಗೆ 12 ಅಡಿ ಆಳವಿರಬೇಕೆಂಬುದು ಕಾಗದದ ಮೇಲಿನ ನಿಯಮ. ಆದರೆ ಹೂಳೆತ್ತಲು ಬರುವ ಹಣ ಬಹಳಮಟ್ಟಿಗೆ ಸರಕು ಸಾಗಿಸುವ ದೋಣಿಗಳ ಸಂಚಾರವನ್ನು ಅವಲಂಬಿಸಿದೆ, ಜಾರ್ಜಿಯಾದ ಈ ಭಾಗದಲ್ಲಿ ಅಂಥ ಸಂಚಾರ ಬಹಳ ಕಡಿಮೆ. 1942ರಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಹೊರಗಡಲಿನಲ್ಲಿ ಹಡಗುಗಳನ್ನು ಮುಳುಗಿಸುತ್ತಿದ್ದಾಗ ಸರಕನ್ನು ಕಾಪಾಡಿಕೊಂಡು ಸಾಗಿಸಲು ನೆರವಾದ ದಾರಿಯೊಂದು ಹೀಗೆ ಹೂಳಿನಲ್ಲಿ ಮುಚ್ಚುತ್ತಿರುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಫ್ರೆಡೆರಿಕಾ ನದಿಯಲ್ಲಿ, 1736ರಲ್ಲಿ ಬ್ರಿಟಿಷರು ಕಟ್ಟಿದ ಕೋಟೆಯ ಅವಶೇಷಗಳೆದುರು, ಲಂಗರು ಹಾಕಿ ರಾತ್ರಿ ಕಳೆದಿದ್ದೆವು. ಮುಂದೆ ಲಿಟ್ಲ್ ಮಡ್ ಎಂಬ ಹೊಳೆಯನ್ನು ದಾಟಬೇಕಿತ್ತು. ಹೆಸರಿಗೆ ತಕ್ಕಂತೆ ಅದು ಕೆಸರಿನದೇ. ಇಳಿತದಲ್ಲಿ ನಡುದಾರಿಯಲ್ಲೇ ಮೂರೂವರೆ ಅಡಿಗಿಂತ ಹೆಚ್ಚು ನೀರಿರುವುದಿಲ್ಲವೆಂದು ಹಿಂದೆ ದಾಟಿದವರು ಎಚ್ಚರಿಸಿದ್ದರು. ಇವರು ಹಿಂದಿನ ರಾತ್ರಿಯೇ ಲೆಕ್ಕ ಹಾಕಿದ್ದರು: ಮಧ್ಯಾಹ್ನ ಹನ್ನೆರಡೂವರೆಗೆ ಅಲ್ಲಿ ತಲುಪಿದರೆ ಆರು ಅಡಿ ನೀರಿರುತ್ತದೆ, ನಮಗೆ ಬೇಕಾದ್ದು ಐದು. ಮುಂದಿನ ಭರತಕ್ಕೆ ಕಾಯಬಹುದಿತ್ತು. ಆದರೆ ಮರುದಿನದ ದಾರಿಯನ್ನು ಅಷ್ಟಿಷ್ಟು ಕಡಿಮೆ ಮಾಡಿಕೊಳ್ಳುವ ಆಸೆ ಇಬ್ಬರಿಗೂ ಇತ್ತು.

ಹೊಳೆಯ ಬಾಯಿಗೆ ಬಂದಾಗ ದಂಡೆಯ ಮೇಲೆ ಕಲ್ವ ಎಂಬ ಸಿಂಪಿಗಳ ಚಿಪ್ಪಿನ ಬಿಳಿಯ ಪಟ್ಟಿ ಪೂರ್ತಿಯಾಗಿ ಹೊರಬಿದ್ದಿರುವುದನ್ನು ಕಂಡೆ. ಹಿಂದಿನ ದಿನ ಇಂಥದೇ ಹೊತ್ತಿನಲ್ಲಿ, ಇಳಿತಕ್ಕೆ ಇನ್ನೂ ಎರಡೂವರೆ ಗಂಟೆ ಇರುವಾಗ, ಅಂಥ ಪಟ್ಟಿಯ ಅರ್ಧಭಾಗ ನೀರಿನಲ್ಲೇ ಇತ್ತು.

“ರೀ, ನೀರು ಲೆಕ್ಕಕ್ಕಿಂತ ಜಾಸ್ತಿ ಇಳಿದ ಹಾಗೆ ಕಾಣ್ತದೆ,” ಎಂದೆ.

“ಪುಸ್ತಕದ ಪ್ರಕಾರ ಆರಡಿ ಇರಲೇಬೇಕು ಕಣೆ,” ಎಂದರು.

ನಾನು ಮತ್ತೆ ಹೇಳಲಿಲ್ಲ. ಹೇಳಬೇಕಿತ್ತು. ಹತ್ತು ನಿಮಿಷದಲ್ಲಿ ದೋಣಿ ಯಾವ ಸದ್ದೂ ಇಲ್ಲದೆ, ಯಾರೋ ಮೆತ್ತಗೆ ಹಿಂದಿನಿಂದ ಹಿಡಿದುಕೊಂಡಂತೆ, ನಿಂತಿತು. ಎಂಜಿನನ್ನು ಹಿಂದಕ್ಕೆ ಓಡಿಸಿದರೆ ಕಂದು ಬಣ್ಣದ ಕೆಸರು ಮಾತ್ರ ಮೇಲೆದ್ದಿತು. ನೀರು ಇನ್ನೂ ಇಳಿಯುತ್ತಿದ್ದುದರಿಂದ ಒಂದೊಂದು ನಿಮಿಷವೂ ನಮ್ಮನ್ನು ಇನ್ನಷ್ಟು ಗಟ್ಟಿಯಾಗಿ ಕೂರಿಸುತ್ತಿತ್ತು. ಮಾಡಬೇಕಾದ ಕೆಲಸ ಇವರಿಗೆ ಚೆನ್ನಾಗಿ ಗೊತ್ತಿತ್ತು. ಸಣ್ಣ ರಬ್ಬರ್ ದೋಣಿಯಲ್ಲಿ ಎರಡನೆಯ ಲಂಗರನ್ನು ಒಯ್ದು ಆಳವಿದ್ದ ಕಡೆಗೆ ಇಳಿಸಿದರು. ನಾನು ಕಿಟಕಿಗಳನ್ನೂ ಗ್ಯಾಸನ್ನೂ ಮುಚ್ಚಿ, ಕೆಳಗೆ ಉರುಳಬಹುದಾದ ಎಲ್ಲವನ್ನೂ ಕಟ್ಟಿಟ್ಟೆ. ಗಂಟೆ ಕಳೆಯುವಷ್ಟರಲ್ಲಿ ದೋಣಿ ಒಂದು ಬದಿಗೆ ವಾಲತೊಡಗಿ, ಮೂರು ಗಂಟೆಯ ವೇಳೆಗೆ ಮೂವತ್ತು ಡಿಗ್ರಿ ಓರೆಯಾಗಿ ಮಲಗಿತು. ಒಲೆ ಹಚ್ಚುವಂತಿರಲಿಲ್ಲ. ಮೇಲೆದ್ದಿದ್ದ ಬದಿಯಲ್ಲಿ ಕಾಲು ಚಾಚಿ ಕುಳಿತು ಮೊಸರವಲಕ್ಕಿ ತಿಂದೆವು.

ತಪ್ಪಿದ್ದೆಲ್ಲಿ ಎಂದು ಯೋಚಿಸಲು ಆಗ ಬೇಕಾದಷ್ಟು ಹೊತ್ತಿತ್ತು. ಪುಸ್ತಕದ ಲೆಕ್ಕದಲ್ಲಿ ದೋಷವಿರಲಿಲ್ಲ. ಹಿಂದಿನ ರಾತ್ರಿಯಿಡೀ ಪಶ್ಚಿಮದ ಗಾಳಿ ಜೋರಾಗಿ ಬೀಸಿ ಹಿನ್ನೀರನ್ನು ಕಡಲಿಗೆ ತಳ್ಳಿತ್ತು. ಚಂದ್ರ ಸೂರ್ಯರ ಸೆಳೆತವನ್ನು ವರ್ಷಕ್ಕೆ ಮುಂಚೆಯೇ ಗುಣಿಸಿ ಅಚ್ಚುಹಾಕಬಹುದು, ಗಾಳಿಯನ್ನು ಹಾಗೆ ಅಚ್ಚುಹಾಕಲಾಗದು. ನಮ್ಮ ಅಜ್ಜ ಮಳೆಗಾಲದಲ್ಲಿ ಗಜನಿ ಕಟ್ಟಿನ ಮರದ ತೂಬನ್ನು ತೆರೆಯಲು ಕಂದೀಲು ಹಿಡಿದು ಹೋಗುತ್ತಿದ್ದರು: ಇಳಿತದಲ್ಲಿ ತೆರೆದು ಗದ್ದೆಯ ಮಳೆನೀರನ್ನು ಹೊರಬಿಡಬೇಕು, ಭರತದ ಉಪ್ಪುನೀರು ಒಳನುಗ್ಗುವ ಮೊದಲೇ ಮುಚ್ಚಬೇಕು. ಹೊತ್ತು ತಪ್ಪಿದರೆ ಉಪ್ಪುನೀರಿಗೆ ಜಗ್ಗದ ಕಗ್ಗ ತಳಿಯ ಭತ್ತವೂ ತಡೆಯಲಾರದಷ್ಟು ಉಪ್ಪು ಗದ್ದೆಗೆ ಬರುತ್ತಿತ್ತು. ಅವರು ಮೊದಲು ಗಾಳಿಗೆ ಮುಖವೊಡ್ಡುತ್ತಿದ್ದರು, ಆಮೇಲೆ ತೂಬಿನ ಕಂಬಕ್ಕೆ ಅಂಟಿದ ಕಲ್ವಗಳನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದರು. ಜಾರ್ಜಿಯಾದ ಆ ಕೆಸರಿನಿಂದ ಎದ್ದ ವಾಸನೆ ನಮ್ಮ ಗಜನಿಯದೇ ವಾಸನೆಯಾಗಿತ್ತು. ಏಡಿಗಳು ಬಿಲದಿಂದ ಹೊರಬಂದು ಒಂದೇ ದೊಡ್ಡ ಕೊಂಬನ್ನು ಆಡಿಸುತ್ತಿದ್ದವು. ಕೆಸರು ಒಣಗುವಾಗ ಚಿಟಚಿಟನೆ ಸದ್ದಾಗುತ್ತಿತ್ತು. ಇದನ್ನೆಲ್ಲ ಇವರಿಗೆ ಹೇಳಿದೆ. ಮದುವೆಯಾಗಿ ಮೂವತ್ತೊಂದು ವರ್ಷವಾದರೂ ಅಜ್ಜನ ಕಂದೀಲಿನ ವಿಷಯ ಇವರು ಕೇಳಿರಲಿಲ್ಲ.

ಐದೂವರೆ ದಾಟಿದ ಮೇಲೆ ದೋಣಿ ಒಮ್ಮೆ ನಡುಗಿ ನೆಟ್ಟಗಾಯಿತು. ಲಂಗರಿನ ಹಗ್ಗವನ್ನು ಇಬ್ಬರೂ ಸೇರಿ ಎಳೆದೆವು. ಕತ್ತಲಾಗುವ ಮೊದಲು ನ್ಯೂ ಟೀಕೆಟಲ್ ಎಂಬ ತೊರೆಯಲ್ಲಿ ನಿಂತೆವು. ಮರುದಿನ ಬೆಳಿಗ್ಗೆ ಇವರು ಪುಸ್ತಕ ತೆರೆಯುವ ಮೊದಲು, “ನೀರು ಹೇಗಿದೆ ನೋಡಿ ಹೇಳು,” ಎಂದರು. ಅಂದಿನಿಂದ ಅದು ದಿನದ ಮೊದಲ ಮಾತಾಯಿತು.

ಸವಾನಾ, ಚಾರ್ಲ್ಸ್‌ಟನ್ ಊರುಗಳನ್ನು ಬೇಗ ದಾಟಿದೆವು. ಒಂದೇ ಕಾಗುಣಿತದ ಊರನ್ನು ದಕ್ಷಿಣ ಕೆರೊಲೈನಾದವರು ಬ್ಯೂಫರ್ಟ್ ಎಂದೂ ಉತ್ತರ ಕೆರೊಲೈನಾದವರು ಬೋಫರ್ಟ್ ಎಂದೂ ಕರೆಯುವುದನ್ನು ಕೇಳಿಸಿಕೊಂಡೆವು. ನಾನು ಬಹಳ ಕಾದಿದ್ದದ್ದು ಜಾರ್ಜ್‌ಟೌನ್ ದಾಟಿದ ಮೇಲೆ ಸಿಗುವ ವಕ್ಕಮಾ ನದಿಗಾಗಿ. ಅಲ್ಲಿ ಉಪ್ಪು ಹಿಂದೆ ಉಳಿದು, ನೀರು ಚಹಾ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ಸೈಪ್ರೆಸ್ ಮರಗಳು ನೀರಿನಲ್ಲೇ ಬೇರೂರಿ ನಿಂತಿರುತ್ತವೆ. ದಂಡೆಯ ಹಿಂದೆ ಹುಲ್ಲು ಬೆಳೆದ ಚೌಕಾಕಾರದ ಬಯಲುಗಳು, ಅವುಗಳ ಸುತ್ತ ತಗ್ಗಾದ ಏರಿಗಳು, ಏರಿಯ ಒಂದೊಂದು ಮುರುಕಿನಲ್ಲಿ ಕೊಳೆತ ಮರದ ಕಂಬಗಳು ಕಾಣುತ್ತವೆ. ಅವು ಭತ್ತದ ಗದ್ದೆಗಳಾಗಿದ್ದವು. 1840ರ ಸುಮಾರಿಗೆ ಅಮೆರಿಕದ ಒಟ್ಟು ಭತ್ತದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ಜಾರ್ಜ್‌ಟೌನ್ ಸುತ್ತಲಿನ ನದಿಗಳ ದಂಡೆಯಲ್ಲಿ ಬೆಳೆಯುತ್ತಿತ್ತು.

ಭರತದಲ್ಲಿ ಕಡಲು ಕೆಳಗಿನಿಂದ ಒತ್ತಿದಾಗ ನದಿಯ ಸಿಹಿನೀರು ಮೇಲೇರುತ್ತದೆ. ಆಗ ತೂಬು ತೆರೆದು ಗದ್ದೆಗೆ ನೀರು ತುಂಬಿಸಬೇಕು, ಇಳಿತದಲ್ಲಿ ಮತ್ತೆ ತೆರೆದು ಬಸಿಯಬೇಕು. ನಮ್ಮ ಗಜನಿಯಲ್ಲಿ ನೀರನ್ನು ಹೊರಗಿಡುವ ಜಾಣ್ಮೆ, ಇಲ್ಲಿ ಒಳಗೆ ಕರೆಯುವ ಜಾಣ್ಮೆ. ತೂಬಿನ ಕೆಲಸ ಎರಡೂ ಕಡೆ ಒಂದೇ. ಆದರೆ ನಮ್ಮ ಅಜ್ಜ ಕಾದದ್ದು ತಮ್ಮ ಗದ್ದೆಯನ್ನು. ಇಲ್ಲಿ ಏರಿ ಕಟ್ಟಿದವರು, ಸೊಂಟದವರೆಗಿನ ಕೆಸರಿನಲ್ಲಿ ನಿಂತು ನಾಟಿ ಕಟಾವು ಮಾಡಿದವರು, ಮಲೇರಿಯಾದಿಂದ ಸತ್ತವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಮತ್ತು ಅವರ ಮಕ್ಕಳು. ಅವರಲ್ಲಿ ಎಷ್ಟೋ ಜನ ಪಶ್ಚಿಮ ಆಫ್ರಿಕಾದ ಭತ್ತ ಬೆಳೆಯುವ ನಾಡಿನವರು. ದೊಡ್ಡಮನೆಗಳ ಸಿರಿಯ ಬುಡದಲ್ಲಿ ಅವರ ದುಡಿಮೆಯೊಂದಿಗೆ ಅವರ ಬೇಸಾಯದ ಅರಿವೂ ಇತ್ತು. ಗುಲಾಮಗಿರಿ ಮುಗಿದ ಮೇಲೆ ಈ ಬೇಸಾಯ ಕ್ಷೀಣಿಸಿ, ಚಂಡಮಾರುತಗಳು ಏರಿಗಳನ್ನು ಒಡೆದು, 20ನೆಯ ಶತಮಾನದ ಆರಂಭದ ವರ್ಷಗಳಲ್ಲಿ ನಿಂತುಹೋಯಿತು. ಆ ಸಂಜೆ ಲಂಗರು ಹಾಕಿದಲ್ಲಿಂದ ಕಾಣುತ್ತಿದ್ದ ಒಂದು ತೂಬಿನ ಕಂಬವನ್ನು ಕತ್ತಲಾಗುವವರೆಗೂ ನೋಡುತ್ತ ಕುಳಿತಿದ್ದೆ. ಇವರು ಅನ್ನಕ್ಕಿಟ್ಟು ಬಂದು ಪಕ್ಕದಲ್ಲಿ ಕುಳಿತರು.

ಅಲ್ಲಿಂದ ಮುಂದೆ ದಿನಗಳು ಓಡಿದವು. ಮಿರ್ಟ್ಲ್ ಬೀಚ್‌ನ ಹಿಂದೆ ಬಂಡೆ ಕೊರೆದು 1936ರಲ್ಲಿ ಮುಗಿಸಿದ ಇಕ್ಕಟ್ಟಾದ ಕಾಲುವೆಯಲ್ಲಿ ನಡುಗೆರೆ ಬಿಡದೆ ಸಾಗಿದೆವು. ಆಲ್ಬೆಮಾರ್ಲ್ ಹಿನ್ನೀರಿನಲ್ಲಿ ಮಾತ್ರ ಹಾಯಿ ಬಿಚ್ಚಿದೆವು. ಆಳ ಕಡಿಮೆಯಿರುವ ಆ ವಿಶಾಲ ನೀರಿನಲ್ಲಿ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ, ಮೈಯೆಲ್ಲ ತೋಯ್ದಿತು. ಎಲಿಜಬೆತ್ ಸಿಟಿಯ ದಕ್ಕೆಯಲ್ಲಿ ಪಯಣಿಗರಿಗೆ ಬಾಡಿಗೆಯಿಲ್ಲ. 1983ರಲ್ಲಿ ಇಬ್ಬರು ಹಿರಿಯರು ಬಂದ ದೋಣಿಗಳವರಿಗೆ ಗುಲಾಬಿ ಕೊಟ್ಟು ಸತ್ಕರಿಸಲು ಆರಂಭಿಸಿದ್ದು ಆ ಊರಿನ ಹೆಮ್ಮೆ.

ಕೊನೆಯ ಹಂತಕ್ಕೆ ಎರಡು ದಾರಿಗಳಿದ್ದವು. ನಾವು ಡಿಸ್ಮಲ್ ಜೌಗಿನ ಹಳೆಯ ಕಾಲುವೆಯನ್ನು ಆರಿಸಿಕೊಂಡೆವು. 1793ರಲ್ಲಿ ಅಗೆತ ಶುರುವಾಗಿ 1805ರಲ್ಲಿ ತೆರೆದ, 22 ಮೈಲಿ ಉದ್ದದ ಈ ಕಾಲುವೆ ಆ ದೇಶದಲ್ಲಿ ಇಂದಿಗೂ ಬಳಕೆಯಲ್ಲಿರುವ ಅತ್ಯಂತ ಹಳೆಯ ಮಾನವನಿರ್ಮಿತ ಕಾಲುವೆ. ದಕ್ಷಿಣದ ತುದಿಯಲ್ಲಿ ಸೌತ್ ಮಿಲ್ಸ್‌ನ ಲಾಕ್ ನಮ್ಮನ್ನು ಎಂಟು ಅಡಿ ಮೇಲೆತ್ತಿತು. ಬಾಗಿಲು ಮುಚ್ಚಿ, ನೀರು ನೊರೆಗಟ್ಟುತ್ತ ಒಳಬಂದು ದೋಣಿ ಮೆಲ್ಲನೆ ಏರುವಾಗ ಹಗ್ಗವನ್ನು ಅಷ್ಟಷ್ಟೇ ಎಳೆದುಕೊಳ್ಳುತ್ತ ನಿಲ್ಲಬೇಕು. ಒಳಗೆ ಭರತವಿಲ್ಲ, ಇಳಿತವಿಲ್ಲ. ಗೀಟು ಎಳೆದಂತೆ ನೇರವಾದ ಕಪ್ಪು ಕನ್ನಡಿ, ಎರಡು ಬದಿಯೂ ಕಾಡು. ಈ ಗೀಟನ್ನೂ ಕೈಯಿಂದ ಅಗೆದವರು ಗುಲಾಮರೇ. ಇದೇ ಜೌಗಿನ ಒಳಗೆ ತಪ್ಪಿಸಿಕೊಂಡು ಬಂದ ಗುಲಾಮರು ಎಷ್ಟೋ ವರ್ಷ ಅಡಗಿ ಬದುಕಿದರು. ಮೋಸೆಸ್ ಗ್ರ್ಯಾಂಡಿ ಎಂಬಾತ ಈ ಕಾಲುವೆಯಲ್ಲಿ ಸರಕಿನ ದೋಣಿ ನಡೆಸಿ, ದುಡಿದ ಹಣದಿಂದ ತನ್ನ ಬಿಡುಗಡೆಯನ್ನು ಕೊಂಡುಕೊಂಡ. ಎರಡು ಸಲ ಒಡೆಯರು ಹಣ ಪಡೆದು ಮೋಸ ಮಾಡಿದರು. ಮೂರನೆಯ ಸಲ ಕೊಟ್ಟ ಮೇಲಷ್ಟೇ ಅವನು ಸ್ವತಂತ್ರನಾದ. ಚುಕ್ಕಾಣಿ ನನ್ನ ಕೈಯಲ್ಲಿತ್ತು. ನೀರಿನೊಳಗಿನ ದಿಮ್ಮಿಯೊಂದು ಅಡಿಗೆ ತಾಗಿ ದಡ್ ಎಂದಾಗ, ಅವನೂ ಇಂಥದೇ ಸದ್ದಿಗೆ ಬೆಚ್ಚಿರಬಹುದೆಂದು ಅನ್ನಿಸಿತು.

ಡೀಪ್ ಕ್ರೀಕ್‌ನ ಲಾಕಿನಲ್ಲಿ ಮತ್ತೆ ಕೆಳಗಿಳಿದು ಬಾಗಿಲು ತೆರೆದುಕೊಂಡಾಗ ಉಪ್ಪುಗೆಸರಿನ ವಾಸನೆ ಬಂತು.

“ನೀರು ಹೇಗಿದೆ?” ಎಂದರು ಇವರು.

ಕಂಬಗಳ ಮೇಲೆ ಒದ್ದೆಯ ಪಟ್ಟಿ ಒಂದು ಗೇಣಿನಷ್ಟಿತ್ತು. “ಇಳಿತ. ಶುರುವಾಗಿ ತುಂಬ ಹೊತ್ತಾಗಿಲ್ಲ. ನಮ್ಮನ್ನು ಕರಕೊಂಡೇ ಹೋಗ್ತದೆ,” ಎಂದೆ.

ಹಾಗೆಯೇ ಆಯಿತು. ಎಲಿಜಬೆತ್ ನದಿಯ ಇಳಿತ ನಮ್ಮನ್ನು ಹಡಗುಕಟ್ಟೆಗಳ, ಬೂದುಬಣ್ಣದ ಯುದ್ಧನೌಕೆಗಳ ನಡುವೆ ಹಾಯಿಸಿಕೊಂಡು ಪೋರ್ಟ್ಸ್‌ಮತ್‌ನ ಹಾಸ್ಪಿಟಲ್ ಪಾಯಿಂಟಿನ ಎದುರು, 36ನೆಯ ಸಂಖ್ಯೆಯ ಕೆಂಪು ಬೋಯಾ ಎಂಬ ತೇಲುಗುರುತಿನ ಬಳಿಗೆ ತಂದಿತು. ಸೊನ್ನೆಯ ಮೈಲಿ ಅದೇ. ಇವರು ದಿನಚರಿಯಲ್ಲಿ ಸಮಯ ಬರೆದು ಎಂಜಿನ್ ಆರಿಸಿದರು. ಹಾಯಿ ಏರಿಸಿ, ಹ್ಯಾಂಪ್ಟನ್ ರೋಡ್ಸ್ ದಾಟಿ ನಮ್ಮ ತೊರೆಯ ಬಾಯಿಗೆ ಬಂದಾಗ ಎರಡು ಗಂಟೆಯಾಗಿತ್ತು. ನಮ್ಮ ದಕ್ಕೆಯೂ ಅದರ ಹಿಂದಿನ ಪೈನ್ ಮರಗಳೂ ಕಾಣುತ್ತಿದ್ದವು. ಬಾಯಿಯಲ್ಲಿ ಹೂಳಿನ ದಿಬ್ಬವಿದೆ, ನೀರು ತೀರ ಇಳಿದಿತ್ತು. ಇವರು ನನ್ನ ಮುಖ ನೋಡಿದರು. ನಾನು ಬೇಡವೆಂದು ತಲೆಯಾಡಿಸಿದೆ. ಹೊರಗೇ ಲಂಗರು ಹಾಕಿ, ಉಳಿದಿದ್ದ ಬೇಳೆಯಲ್ಲಿ ಸಾರು ಮಾಡಿ, ಮನೆಯನ್ನು ನೋಡುತ್ತ ಊಟ ಮಾಡಿ, ಭರತಕ್ಕಾಗಿ ಮೂರು ಗಂಟೆ ಕಾದೆವು.