ಬಾಗಿಲ ತನಕ ಮಾತ್ರ ಕಾರು

ಮಧ್ಯಾಹ್ನ ಊಟಕ್ಕೆ ಕೂತಾಗ ಸುಮ್ನೆ ನಾವು ಹೋಗಬೇಕೆಂದಿರುವ ಮೊನೆಮ್ವಾಸಿಯಾ ಅನ್ನೋ ಊರಿನ ಮ್ಯಾಪ್ ತೆಗೆದೆ, ಅನ್ನ ತಣ್ಣಗಾಯಿತು.

ಗ್ರೀಸಿನ ದಕ್ಷಿಣದಲ್ಲಿ, ದಡದ ಪಕ್ಕದಲ್ಲೇ ಸಮುದ್ರದಲ್ಲಿ ಎದ್ದು ನಿಂತ ಒಂದು ಭಾರೀ ಬಂಡೆ. ಕ್ರಿ.ಶ. 375ರ ಭೂಕಂಪದಲ್ಲಿ ನೆಲದಿಂದ ಬೇರೆಯಾಯಿತಂತೆ. ಈಗ ಹೋಗಿ ಬರಲು ಒಂದೇ ಕಿರಿದಾದ ದಾರಿ. ಮಜಾ ಏನು ಅಂದರೆ, ದಡದಲ್ಲಿ ನಿಂತು ನೋಡಿದರೆ ಊರೇ ಕಾಣುವುದಿಲ್ಲ, ಬರೀ ಕಲ್ಲು! ಮನೆ, ಚರ್ಚು, ಓಣಿ ಎಲ್ಲಾ ಆಚೆ ಬದಿಯಲ್ಲಿ, ಸಮುದ್ರಕ್ಕೆ ಮುಖ ಮಾಡಿಕೊಂಡು ಅಡಗಿ ಕೂತಿವೆ.

ಕಾರು ಕೋಟೆ ಬಾಗಿಲ ತನಕ ಮಾತ್ರ. ಒಳಗೆ ಕಾಲ್ನಡಿಗೆ. ಆ ಬಾಗಿಲು ಕೂಡ ನೇರವಾಗಿಲ್ಲ, ಸುರಂಗದ ಹಾಗೆ ಒಳಗೆ ಹೋಗಿ ತಿರುಗುತ್ತದೆ, ನುಗ್ಗಿ ಬರುವವನಿಗೆ ಮುಂದೇನಿದೆ ಅಂತ ಗೊತ್ತೇ ಆಗಬಾರದು. ನನಗೆ ಈ ತಿರುವನ್ನು ನೋಡುವುದೇ ಮುಖ್ಯ ಆಗಿಬಿಟ್ಟಿದೆ. ಬಂಡೆಯ ಮೇಲೆ ಬೈಜಾಂಟೈನ್ (ಪೂರ್ವ ರೋಮನ್ ಸಾಮ್ರಾಜ್ಯದ) ಕಾಲದ ಅಗಿಯಾ ಸೋಫಿಯಾ ಚರ್ಚಿದೆ, ಹತ್ತಿ ನೋಡಬೇಕು, ಬಿಸಿಲೇರುವ ಮೊದಲು. ಗ್ರೀಕ್ ಕವಿ ಯಾನ್ನಿಸ್ ರಿಟ್ಸೋಸ್ 1909ರಲ್ಲಿ ಹುಟ್ಟಿದ್ದು ಇಲ್ಲೇ, ಸಮಾಧಿಯೂ ಇಲ್ಲೇ.

ಅಥೆನ್ಸ್‌ನಿಂದ ಬಸ್ಸಿನಲ್ಲಿ ಅರ್ಧ ದಿನ ಬೇಕು. ಅಷ್ಟು ದೂರ ಹೋಗಿ ಸಂಜೆಗೇ ವಾಪಸ್ ಅಂದರೆ ಏನು ಚೆಂದ, ಅಲ್ವಾ? ರಾತ್ರಿ ಉಳಿಯಲೇಬೇಕು. ಕೋಟೆಯೊಳಗೆ ರೂಮು ಜಾಸ್ತಿ ದುಡ್ಡು, ದಡದಲ್ಲಿರುವ ಗೆಫಿರಾ ಊರಲ್ಲಿ ಕಡಿಮೆ. ಮನಸ್ಸು ಒಳಗಿದೆ, ಪರ್ಸು ಹೊರಗಿದೆ.

ಗಂಡ ಮಾತ್ರ ಚಕ್ರದ ಸೂಟ್‌ಕೇಸೇ ಬೇಕು ಅನ್ನುತ್ತಿದ್ದಾನೆ. ಆ ಉರುಟು ಕಲ್ಲಿನ ಮೆಟ್ಟಿಲ ಮೇಲೆ! ಯಾರಾದರೂ ಸ್ವಲ್ಪ ಬುದ್ಧಿ ಹೇಳಿ ಪ್ಲೀಸ್.